ಅಕ್ಕನ ಬೆನ್ನಿಗೊಂದು ಬಟ್ಟೆ

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಸೆರಗನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ತಿಕ್ಕಿ ನೋಡುವುದು ಮಾನವಂತರು ಮಾಡುವ ಕೆಲಸವಲ್ಲ. ಅದು ನನಗೂ ಗೊತ್ತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ತಲೆ ನರೆತವಳು, ನಾಲ್ಕು ಮಕ್ಕಳಿಗೆ ಬುದ್ಧಿ ಹೇಳಬೇಕಾದವಳು. ಆದರೂ ಮೊನ್ನೆ ಚನ್ನಪಟ್ಟಣದಿಂದ ರಾಮನಗರಕ್ಕೆ ಬರುವಾಗ ನನ್ನ ಕೈ ತಾನಾಗಿಯೇ ಹೋಗಿ ಪಕ್ಕದ ಹೆಂಗಸಿನ ಸೆರಗಿನ ಅಂಚು ಹಿಡಿದುಕೊಂಡುಬಿಟ್ಟಿತ್ತು. ಆಕೆ ಒಂದು ಕ್ಷಣ ನನ್ನ ಕೈಯನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು.

“ಯಾಕವ್ವಾ, ನನ್ ಸೀರೆಗೆ ಏನಾಗೈತೆ?”

“ಏನಿಲ್ಲಮ್ಮ, ಕಾಟನ್ನೇನೋ ಅಂತ ನೋಡಿದೆ.”

“ಕಾಟನ್ನೂ ಇಲ್ಲ ಗೀಟನ್ನೂ ಇಲ್ಲ. ಯಾರ್ದೋ ಗೃಹಪ್ರವೇಶದಲ್ಲಿ ಕೊಟ್ಟಿದ್ದು. ಉಟ್ಕಂಡ್ ಬಂದ್ಬುಟ್ಟು ಮೈಯೆಲ್ಲ ಉರೀತಾ ಕುಂತಿವ್ನಿ” ಅಂದಳು. ಅಷ್ಟು ಹೇಳಿದವಳು, ನನ್ನ ಕಡೆಗಿದ್ದ ಕೈಚೀಲವನ್ನು ಎತ್ತಿ ಕಿಟಕಿಯ ಕಡೆಗೆ ಇಟ್ಟುಕೊಂಡಳು. ಅವಳ ತಪ್ಪೇನೂ ಇಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಶಾಲೆಯಲ್ಲಿ ಮಕ್ಕಳು ನನಗೆ ಹಿಂದಿನಿಂದ ‘ಬಟ್ಟೆ ಮೇಡಂ’ ಅನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಹೊಸ ಸೀರೆ ಉಟ್ಟು ಬಂದರೆ ಬಣ್ಣ ನೋಡುವ ಮೊದಲು ನೂಲು ನೋಡುತ್ತೇನೆ. “ಇದರಲ್ಲಿ ಅರ್ಧ ಪಾಲಿಯೆಸ್ಟರ್ ಇದೆ ಕಣ್ರೀ” ಎಂದು ಹೇಳಿ ಅವರ ಹುಟ್ಟುಹಬ್ಬದ ಸಂತೋಷವನ್ನು ಹಾಳು ಮಾಡಿದ್ದೂ ಉಂಟು. ಬಟ್ಟೆಯ ಶೋಕಿ ಅಂತ ನೀವು ತಿಳಿದುಕೊಳ್ಳಬಾರದು. ನನ್ನ ಬೀರುವಿನಲ್ಲಿ ಇರುವ ಸೀರೆಗಳನ್ನು ನೋಡಿದರೆ ಯಾರಿಗೂ ಹಾಗನ್ನಿಸುವುದಿಲ್ಲ. ನಾನು ಇಷ್ಟು ವರ್ಷ ಬಟ್ಟೆ ಹುಡುಕಿದ್ದು ನನಗಲ್ಲ, ನನ್ನ ಅಕ್ಕ ಜಯಮ್ಮನಿಗೆ. ಈಗ ಹುಡುಕುವ ಅಗತ್ಯವೂ ಉಳಿದಿಲ್ಲ. ಬೆರಳುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಾವು ಹುಟ್ಟಿದ್ದು ಬೈರಾಪಟ್ಟಣದಲ್ಲಿ. ನಮ್ಮ ಮನೆಯಲ್ಲಿ ಬೇಸಿಗೆ ಬಟ್ಟೆ ಅಂತ ಬೇರೆ ಇರಲಿಲ್ಲ. ಹಳೆಯ ಬಟ್ಟೆಯೇ ಬೇಸಿಗೆ ಬಟ್ಟೆ. ಶಿವರಾತ್ರಿ ಕಳೆದ ಕೂಡಲೇ ಅವ್ವ ಪೆಟ್ಟಿಗೆ ತೆಗೆದು ಅಪ್ಪನ ಸವೆದ ಪಂಚೆಗಳನ್ನು ಹೊರಗೆ ಹಾಕುತ್ತಿದ್ದಳು. ಒಗೆದೂ ಒಗೆದೂ ಅವು ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿರುತ್ತಿದ್ದವು. ಅವನ್ನೇ ಕತ್ತರಿಸಿ ನಮಗಿಬ್ಬರಿಗೂ ಒಳಲಂಗ, ಜುಬ್ಬ ಹೊಲಿಸುತ್ತಿದ್ದಳು. ಹಾಕಿಕೊಂಡರೆ ಮೈಮೇಲೆ ಏನೋ ಇದೆ ಅನ್ನಿಸುತ್ತಿರಲಿಲ್ಲ. ಹಾಕಿಕೊಂಡು ಬೀದಿಗೆ ಹೋಗಲು ಮಾತ್ರ ನಾಚಿಕೆ, ಯಾಕೆಂದರೆ ನೋಡುವವರಿಗೂ ಮೈಮೇಲೆ ಏನೋ ಇದೆ ಅನ್ನಿಸುತ್ತಿರಲಿಲ್ಲ!

ಶಾಲೆಯ ಯೂನಿಫಾರಂ ಟೆರಿಕಾಟಿನದು. ಅದನ್ನು ಕಂಡುಹಿಡಿದ ಪುಣ್ಯಾತ್ಮ ಯಾವ ತಂಪು ದೇಶದವನೋ ನಾನರಿಯೆ. ಮಧ್ಯಾಹ್ನ ಬಿಸಿಲಲ್ಲಿ ನಡೆದು ಮನೆ ಸೇರುವ ಹೊತ್ತಿಗೆ ಅದು ಬೆನ್ನಿಗೆ ಅಂಟಿ ಕೂತಿರುತ್ತಿತ್ತು. ಅಕ್ಕ ನನ್ನ ಬೆನ್ನಿಂದ, ನಾನು ಅವಳ ಬೆನ್ನಿಂದ ಅದನ್ನು ಬಿಡಿಸುತ್ತಿದ್ದೆವು. ಸಿಪ್ಪೆ ಸುಲಿಯುವುದು ಎಂದು ಆ ಕೆಲಸಕ್ಕೆ ನಾವಿಟ್ಟ ಹೆಸರು. ಇಬ್ಬರಲ್ಲಿ ಹೆಚ್ಚು ಬೆವರುತ್ತಿದ್ದವಳು ಅಕ್ಕನೇ. “ಇವ್ಳನ್ ಹಿಂಡುದ್ರೆ ಒಂದ್ ಬಿಂದಿಗೆ ತುಂಬ್ತದೆ” ಎಂದು ಅವ್ವ ನಗುತ್ತಿದ್ದಳು. ಬೆವರುಸಾಲೆ ಎದ್ದು ಬೆನ್ನೆಲ್ಲ ಕೆಂಪಾದಾಗ ತಾಟಿನಿಂಗಿನ, ಅಂದರೆ ಎಳೆ ತಾಳೆಹಣ್ಣಿನ, ತಿರುಳನ್ನು ಕಿವುಚಿ ಹಚ್ಚುತ್ತಿದ್ದಳು. ತಣ್ಣನೆಯ ಆ ಲೋಳೆ ಬೆನ್ನ ಮೇಲೆ ಇಳಿಯುವಾಗ ಅಕ್ಕ ಕಣ್ಣು ಮುಚ್ಚಿ “ಇನ್ನೊಸಿ, ಅವ್ವಾ, ಇನ್ನೊಸಿ” ಅನ್ನುತ್ತಿದ್ದಳು. ಅವಳ ಬೆನ್ನು ಆಗ ಹೇಗಿತ್ತು ಎಂದು ಬಲ್ಲವರಲ್ಲಿ ಈಗ ಉಳಿದಿರುವುದು ನಾನು ಮತ್ತು ನಮ್ಮ ಭಾವ, ಇಬ್ಬರೇ.

ಅಕ್ಕನನ್ನು ಹೊಂಗನೂರಿಗೆ ಕೊಟ್ಟೆವು. ಭಾವನ ಹೆಸರು ಶಿವಲಿಂಗಯ್ಯ. ಮಾತು ಕಡಿಮೆ, ಕೆಲಸ ಹೆಚ್ಚು. ಹಿಪ್ಪುನೇರಳೆ ತೋಟ, ಮನೆಗೆ ಹೊಂದಿಕೊಂಡಂತೆ ರೇಷ್ಮೆ ಹುಳದ ಮನೆ. ಹುಳದ ಮನೆಯ ಕೆಲಸ ಮಾಡಿದವರಿಗೆ ಗೊತ್ತು, ಅದು ಬಾಣಂತನ ಇದ್ದ ಹಾಗೆ. ಹೊತ್ತಿಗೆ ಸರಿಯಾಗಿ ಸೊಪ್ಪು ಕೊಡಬೇಕು, ಕಸ ತೆಗೆಯಬೇಕು, ಸೆಕೆಯಾಗದಂತೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಕಿಟಕಿ, ಬಾಗಿಲಿಗೆಲ್ಲ ನೆನೆಸಿದ ಗೋಣಿತಟ್ಟು ಕಟ್ಟಿ, ಒಣಗಿದಂತೆಲ್ಲ ನೀರು ಎರಚಬೇಕು. ಮನುಷ್ಯರ ಮನೆ ಕಾದ ಹೆಂಚಾದರೂ ಹುಳದ ಮನೆ ತಂಪಾಗಿಯೇ ಇರಬೇಕು.

ಇಷ್ಟೆಲ್ಲ ಕೆಲಸದ ನಡುವೆ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತ ಕೂರಲು ಯಾರಿಗೆ ಪುರುಸೊತ್ತು? ಊರಿಗೆ ಸೈಕಲ್ಲಿನ ಮೇಲೆ ಸೀರೆ ಗಂಟು ಹೊತ್ತು ಬರುತ್ತಿದ್ದವನ ಹತ್ತಿರ ಅಕ್ಕ ಒಂದು ಸಿಂಥೆಟಿಕ್ ಸೀರೆ ತೆಗೆದುಕೊಂಡಳು. ತಿಳಿ ನೇರಳೆ ಬಣ್ಣ, ಬಿಳಿ ಹೂ. ಬಾಣಂತನಕ್ಕೆ ತವರಿಗೆ ಬಂದಾಗ ನನಗೆ ಅದನ್ನು ಹೆಮ್ಮೆಯಿಂದ ತೋರಿಸಿದಳು. “ನೋಡೆ ರತ್ನ, ಒಗ್ದು ಎರಡ್ ಸಲ ಕೊಡವುದ್ರೆ ಆಯ್ತು, ಒಣಗೋಯ್ತದೆ. ಇಸ್ತ್ರಿ ಬ್ಯಾಡ, ಗಂಜಿ ಬ್ಯಾಡ. ಇಷ್ಟ್ ದಿನ ಇದೆಲ್ಲೋಗಿತ್ತೋ!” ಆ ಸೀರೆಯನ್ನು ನಾನು ಬೈಯಲಾರೆ. ದುಡಿಯುವ ಹೆಂಗಸಿಗೆ ಅದು ಕೊಟ್ಟ ಬಿಡುವು ದೊಡ್ಡದು.

ಮಗಳು ಸೌಮ್ಯ ಇನ್ನೂ ಅಂಬೆಗಾಲಿಡುವ ಕೂಸು. ಗಂಡನ ಮನೆಗೆ ಮರಳಿದ್ದ ಅಕ್ಕ ಒಂದು ಬೆಳಿಗ್ಗೆ ಮಗುವಿನ ಸ್ನಾನಕ್ಕೆಂದು ಬಚ್ಚಲ ಒಲೆಗೆ ಸೌದೆ ತುಂಬಿ, ಹಂಡೆಯ ಬಿಸಿನೀರು ಬಗ್ಗಿಸಲು ತಿರುಗಿದಳು. ಸೆರಗು ಒಲೆಯ ಬಾಯಿಗೆ ತಾಗಿತು. ಹತ್ತಿ ಸೀರೆಯಾಗಿದ್ದರೆ ಉರಿದು ಬೂದಿಯಾಗಿ ಉದುರುತ್ತಿತ್ತೇನೋ. ಇದು ಉದುರಲಿಲ್ಲ. ಬೆಲ್ಲದ ಪಾಕದಂತೆ ಕರಗಿ ಬೆನ್ನಿಗೆ, ತೋಳಿಗೆ ಅಂಟಿಕೊಂಡಿತು. ಹುಳದ ಮನೆಯಲ್ಲಿದ್ದ ಭಾವ ಕೂಗು ಕೇಳಿ ಓಡಿ ಬಂದು, ಬಾಗಿಲಿಗೆ ಕಟ್ಟಿದ್ದ ಒದ್ದೆ ಗೋಣಿಯನ್ನೇ ಕಿತ್ತು ಅವಳಿಗೆ ಸುತ್ತಿ ಅಪ್ಪಿಕೊಂಡ. ಅವನ ಎರಡು ಅಂಗೈಗಳೂ ಬೆಂದವು. ಅಕ್ಕ ಉಳಿದಳು.

ಆಸ್ಪತ್ರೆಯಲ್ಲಿ ಪೊಲೀಸರು ಬಂದು ಭಾವನನ್ನು ಹೊರಗೆ ಕಳಿಸಿ ಅಕ್ಕನನ್ನು ಕೇಳಿದರು. “ಹೆದರ್ಕೋಬೇಡಮ್ಮ, ನಿಜ ಹೇಳು. ಯಾರಾದ್ರೂ ಹಚ್ಚಿದ್ರಾ? ನೀನೇ ಹಚ್ಕೊಂಡ್ಯಾ?” ಅವರ ಕೆಲಸ ಅವರು ಮಾಡಿದರು. ಎಷ್ಟೋ ಮನೆಗಳಲ್ಲಿ ಅದೇ ನಿಜವಾಗಿರುತ್ತದೆ. ಮಾತಾಡಲೂ ಆಗದ ಸ್ಥಿತಿಯಲ್ಲಿ ಅಕ್ಕ “ಸೀರೆ ಹತ್ಕಂತು ಸಾರ್, ಸೀರೆ ಹತ್ಕಂತು” ಎಂದಳು. ಪೊಲೀಸರು ಬರೆದುಕೊಂಡು ಹೋದರು. ಊರು ಮಾತ್ರ ಬರೆದುಕೊಳ್ಳಲಿಲ್ಲ, ಕೇಳಿಕೊಳ್ಳಲೂ ಇಲ್ಲ. “ಅದೇನಾಯ್ತೋ, ಒಳಗಿನ್ ವಿಷ್ಯ ಯಾರಿಗ್ ಗೊತ್ತು” ಎಂದು ಬಾವಿಕಟ್ಟೆಯಲ್ಲಿ, ಹಾಲಿನ ಡೇರಿಯ ಮುಂದೆ ಮಾತು ಉಳಿದುಕೊಂಡಿತು. ಭಾವ ಸುಟ್ಟ ಕೈ ಕಟ್ಟಿಕೊಂಡೇ ಕಬ್ಬಾಳಿಗೆ ಹೋಗಿ ಅಲ್ಲಿನ ದೇವಿಗೆ ಹರಕೆ ಹೊತ್ತು ಬಂದ. ಜನರಿಗೆ ಅದೂ ಪಾಪ ಕಳೆದುಕೊಳ್ಳಲು ಹೋದ ಹಾಗೆ ಕಂಡಿತು.

ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನೂ ಕರೆದು ಕೂರಿಸಿ ಹೇಳಿದರು. “ಬೆನ್ನು, ಹೆಗಲು, ಎರಡು ತೋಳು, ಇಷ್ಟು ಕಡೆ ಇವರಿಗೆ ಇನ್ಮೇಲೆ ಬೆವರು ಬರಲ್ಲಮ್ಮ. ಮೈಯೊಳಗಿನ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ. ತೆಳ್ಳಗಿನ ಹತ್ತಿ ಬಟ್ಟೆ ಹಾಕ್ಸಿ. ಬೇಸಿಗೇಲಿ ಅದನ್ನ ಒದ್ದೆ ಮಾಡ್ತಾ ಇರಿ. ಬಿಸಿಲು, ಜನಜಂಗುಳಿ ಎರಡೂ ಬೇಡ.”

ಅಕ್ಕ ಅಲ್ಲಿಯೂ ನಕ್ಕಳು. “ಬೆವ್ರೇ ಬರಾಕಿಲ್ವಂತೆ ಕಣೆ. ಒಳ್ಳೇದಾಯ್ತು ಬುಡು, ಬಟ್ಟೆ ಒಗ್ಯೋದು ತಪ್ತು.”

ಬೆವರು ಎಂಥ ವರ ಎಂದು ನನಗೆ ತಿಳಿದದ್ದು ಮುಂದಿನ ಬೇಸಿಗೆಯಲ್ಲಿ. ಅಕ್ಕನ ಮುಖ, ಪಾದಗಳಿಂದ ನೀರು ಧಾರೆಧಾರೆಯಾಗಿ ಸುರಿಯುತ್ತಿತ್ತು. ಬೆನ್ನು ಮಾತ್ರ ಒಣಗಿ, ಬಿಸಿಲಿಗೆ ಬಿಟ್ಟ ಬಂಡೆಯಂತೆ ಕಾಯುತ್ತಿತ್ತು. ರಾಮನಗರದ ಬಂಡೆಗಳ ನಡುವೆ ಇರುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಅವು ಸಂಜೆ ಹೊರಗೆ ಬಿಡುತ್ತವೆ. ಅಕ್ಕನ ಬೆನ್ನಿಗೆ ಹಾಗೆ ಬಿಡಲೂ ಬರುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಬಟ್ಟೆ ಹುಡುಕಾಟ. ಮೊದಲು ಖಾದಿ ತಂದೆ. ದೇಶಭಕ್ತಿಯ ಜೊತೆ ತಂಪೂ ಸಿಗುತ್ತದೆ ಎಂದು ಭಾಷಣ ಬೇರೆ ಮಾಡಿದೆ. ಒರಟು ನೂಲು ಎಳೆಯ ಚರ್ಮವನ್ನು ಉಜ್ಜಿ ರಕ್ತ ಬರಿಸಿತು. ಪಾಪ್ಲಿನ್ ದಪ್ಪವಾಯಿತು. ಬ್ಲೌಸಿಗೆಂದೇ ಎಲ್ಲರೂ ಕೊಳ್ಳುವ ಟೂ ಬೈ ಟೂ ಬಟ್ಟೆ ಪರವಾಗಿಲ್ಲ ಅನ್ನಿಸಿತು, ಆದರೆ ಗಾಳಿ ಆಡದು. ರೇಯಾನ್ ಮುಟ್ಟಿದರೆ ತಣ್ಣಗೆ, ಉಟ್ಟರೆ ತಣ್ಣಗೆ, ಒದ್ದೆಯಾದರೆ ಮಾತ್ರ ಮಣಭಾರ. ಕೊನೆಗೆ ಸಿಕ್ಕಿದ್ದು ಮಲ್ ಬಟ್ಟೆ. ಅಪ್ಪನ ಹಳೆಯ ಪಂಚೆಯಂತೆ ಹಗುರ, ಮೃದು. ಒದ್ದೆ ಮಾಡಿದರೆ ಬೆನ್ನಿಗೆ ತಂಪು, ಬೇಗ ಆರುತ್ತದೆ, ಮತ್ತೆ ಒದ್ದೆ ಮಾಡಬಹುದು. ಅಕ್ಕ ಅದನ್ನು ಹಾಕಿಕೊಂಡು ಹುಳದ ಮನೆಯ ಒದ್ದೆ ಗೋಣಿಯ ಪಕ್ಕ ಕೂತು “ಈಗ ಜೀವ ಬಂತು ನೋಡು” ಅಂದಾಗ ನಾನು ದೊಡ್ಡ ಪದಕ ಗೆದ್ದವಳಂತೆ ಬೀಗಿದ್ದೆ.

ಆದರೆ ಮಲ್ ಬಟ್ಟೆಗೆ ಒಂದು ದೋಷ. ಒದ್ದೆಯಾದರೆ ಅದು ಏನನ್ನೂ ಮುಚ್ಚುವುದಿಲ್ಲ.

ಅಕ್ಕನ ಬೆನ್ನಿನ ಮೇಲೆ ಚರ್ಮ ಗಂಟುಗಂಟಾಗಿ ಎದ್ದಿತ್ತು, ಉತ್ತು ಬಿಟ್ಟ ಹೊಲದ ಹಾಗೆ. ಅದನ್ನು ಅವಳು ಯಾರಿಗೂ ತೋರಿಸುತ್ತಿರಲಿಲ್ಲ. ಮನೆಯಿಂದ ಹೊರಗೆ ಕಾಲಿಟ್ಟರೆ ಮಣಿಕಟ್ಟಿನವರೆಗೆ ತೋಳು, ಗಂಟಲಿನವರೆಗೆ ಕತ್ತು ಮುಚ್ಚಿದ ದಪ್ಪ ಬ್ಲೌಸು. ಮಗಳು ಸೌಮ್ಯಳಿಂದ ಇನ್ನೂ ಹೆಚ್ಚಿನ ಮರೆ. ಅಮ್ಮನಿಗೆ ಒಲೆಯ ಬೆಂಕಿ ತಾಗಿತ್ತು, ಕೈ ಸುಟ್ಟಿತ್ತು, ಇಷ್ಟೇ ಅವಳಿಗೆ ಗೊತ್ತಿದ್ದದ್ದು. ಅವಳು ಶಾಲೆಗೆ ಹೋಗಿದ್ದಾಗಲೇ ಅಕ್ಕ ಸ್ನಾನ ಮುಗಿಸುತ್ತಿದ್ದಳು. ಯಾಕೆ ಇಷ್ಟು ಮುಚ್ಚಿಡುತ್ತೀಯ ಎಂದು ನಾನೊಮ್ಮೆ ರೇಗಿದ್ದಕ್ಕೆ, “ಅವ್ಳ್ ನೀರಿಗೇ ಅಲ್ವೇನೆ ನಾನು ಒಲೆ ಮುಂದಕ್ ಹೋಗಿದ್ದು? ನನ್ ದೆಸೆಯಿಂದ್ಲೇ ಹಿಂಗಾಯ್ತು ಅಂತ ಮಗ ಮನ್ಸಿಗ್ ಹಚ್ಕಂಡ್ರೆ ಏನ್ ಮಾಡ್ಲಿ?” ಎಂದಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ವರ್ಷ ಕಳೆದಂತೆ ಬೇಸಿಗೆ ಉದ್ದವಾಯಿತು, ಒಳ್ಳೆಯ ಬಟ್ಟೆ ಸಿಗುವುದು ಕಡಿಮೆಯಾಯಿತು. ಚನ್ನಪಟ್ಟಣದಲ್ಲಿ ನಾವು ಯಾವಾಗಲೂ ಹೋಗುತ್ತಿದ್ದ ಅಂಗಡಿ ಅನ್ವರ್ ಸಾಬರದು. ಹಳೆಯ ಪರಿಚಯ. “ಪ್ಯೂರ್ ಕಾಟನ್ ಅಂತ ಬರೆದು ಕಳಿಸ್ತಾರೆ ಮೇಡಂ, ಒಳಗೆ ಏನು ಸೇರಿಸಿರ್ತಾರೋ ಅಲ್ಲಾನೇ ಬಲ್ಲ” ಎಂದು ಅವರೇ ಕೈಚೆಲ್ಲುತ್ತಿದ್ದರು. ಆಮೇಲೆ ನಾನೊಂದು ವಿದ್ಯೆ ಕಲಿತೆ. ಬಟ್ಟೆಯಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರುವುದು. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಬೆರಕೆಯಾದರೆ ಮುದುಡಿ, ಕರಗಿ, ಕೊನೆಗೆ ಕಪ್ಪು ಮಣಿಯಂತೆ ಗಟ್ಟಿಯಾಗುತ್ತದೆ. ಒಂದು ಸಲ ಅಕ್ಕನೂ ಜೊತೆಗಿದ್ದಳು. ನಾನು ಹುರುಪಿನಲ್ಲಿ ಎಳೆ ಹಚ್ಚಿದೆ. ಅದು ಕರಗತೊಡಗಿತು. “ನೋಡಿ ಸಾಬ್ರೇ, ನೋಡಿ” ಎಂದು ನಾನು ಗೆದ್ದವಳಂತೆ ಹೇಳುತ್ತಿರುವಾಗ ಪಕ್ಕದಲ್ಲಿ ಅಕ್ಕ ಇರಲಿಲ್ಲ. ಹೊರಗೆ ಬಿಸಿಲಲ್ಲಿ, ಅಂಗಡಿಯ ಕಂಬ ಹಿಡಿದು ನಿಂತಿದ್ದಳು. ಅನ್ವರ್ ಸಾಬರು ಏನೂ ಕೇಳದೆ ಒಳಗಿನಿಂದ ಸ್ಟೂಲು, ನೀರು ತಂದುಕೊಟ್ಟರು. ಅಂದಿನಿಂದ ಅವಳ ಎದುರು ಕಡ್ಡಿ ಗೀರಲಿಲ್ಲ.

ಕಳೆದ ವರ್ಷ ಸೌಮ್ಯಳಿಗೆ ಮಾಗಡಿ ಕಡೆಯ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಮನೆಯವರೂ ಒಳ್ಳೆಯವರು. ಮದುವೆ ಚನ್ನಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ, ವೈಶಾಖದ ನಡುವೆ. ಲಗ್ನ ನಾವು ಕೇಳಿದ ತಿಂಗಳಲ್ಲಿ ಬರುವುದಿಲ್ಲವಲ್ಲ. ಬೀಗರು ಸಂಪ್ರದಾಯದಂತೆ ಹುಡುಗಿಯ ತಾಯಿಗೆಂದು ಒಂದು ರೇಷ್ಮೆ ಸೀರೆ ತಂದಿದ್ದರು. ಕಡು ಮರೂನ್ ಬಣ್ಣ, ಅಂಗೈಯಗಲದ ಜರಿ ಅಂಚು, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತಿತ್ತು. ರೇಷ್ಮೆಯ ನಡುವೆಯೇ ಆಯುಸ್ಸು ಕಳೆದ ಅಕ್ಕ ರೇಷ್ಮೆ ಉಟ್ಟು ಯಾವ ಕಾಲವಾಗಿತ್ತೋ! ನಾನು ಮಲ್ ಬಟ್ಟೆಗೆ ಅದೇ ಬಣ್ಣ ಹಾಕಿಸಿ, ಎರಡು ಪದರ ಇಟ್ಟು ನನ್ನ ಕೈಯಾರೆ ಬ್ಲೌಸ್ ಹೊಲಿದೆ. ಸೀರೆಯೊಂದು ರೇಷ್ಮೆಯಾದರೂ ಬೆನ್ನು ತಂಪಾಗಿರಲಿ ಅಂತ. ಸೀರೆಯ ಜೊತೆ ಬಂದಿದ್ದ ರೇಷ್ಮೆ ತುಂಡಿನಿಂದ ಅಕ್ಕ ಇನ್ನೊಂದು ಬ್ಲೌಸ್ ಹೊಲಿಸಿದ್ದಳು. “ಇರ್ಲಿ ಅಂತ ಕಣೆ” ಅಂದಿದ್ದಳು.

ಮದುವೆಯ ಹಿಂದಿನ ದಿನ ಸಂಜೆ ನಾಲ್ಕು ಹನಿ ಮಳೆ ಬಿದ್ದು ನಿಂತಿತು. ಮರುದಿನ ಬೆಳಿಗ್ಗೆ ನೆಲದಿಂದ ಹಬೆ ಏಳುತ್ತಿತ್ತು. ಅಡುಗೆ ಮನೆಯ ಹಬೆ, ಜನರ ಉಸಿರು, ವಿಡಿಯೋದವರ ದೀಪ ಎಲ್ಲ ಸೇರಿ ಮಂಟಪದೊಳಗೆ ಇಡ್ಲಿ ಪಾತ್ರೆಯಲ್ಲಿ ಕೂತ ಹಾಗಿತ್ತು. ಹೆಣ್ಣಿನ ಕೋಣೆಯಲ್ಲಿ ಅಕ್ಕ ನನ್ನ ಬ್ಲೌಸನ್ನೇ ಹಾಕಿಕೊಂಡಳು. ನಾನು ಹಿಂದಿನಿಂದ ನೀರು ಚಿಮುಕಿಸಿದೆ. ಅವಳು ಕನ್ನಡಿಗೆ ಬೆನ್ನು ತಿರುಗಿಸಿ, ಕತ್ತು ಹೊರಳಿಸಿ ನೋಡಿಕೊಂಡಳು. ಎರಡು ಪದರವಿದ್ದರೂ ಒಂದೊಂದು ಗಂಟೂ ಎದ್ದು ಕಾಣುತ್ತಿತ್ತು.

“ಬ್ಯಾಡ ಕಣೆ ರತ್ನ. ಆ ರೇಷ್ಮೆದ್ ಕೊಡು.”

“ಸೆರಗು ಹೊದ್ಕೊಂಡ್ರೆ ಕಾಣಲ್ಲ ಅಕ್ಕ. ಅದನ್ನ ಹಾಕ್ಕೊಂಡ್ರೆ ಈ ಸೆಕೇಲಿ ಸತ್ತೋಗ್ತೀಯ.”

“ಧಾರೆ ಎರ್ದ್ ಸಾಯ್ತೀನಿ ಬುಡು. ಬೀಗ್ತಿ ನೋಡುದ್ರೆ ಹೆಂಗಾಯ್ತು ಅಂತ ಕೇಳ್ತಾರೆ. ಕೇಳ್ಬುಟ್ಟು ನಿಮ್ ಭಾವನ್ ಮುಖ ನೋಡ್ತಾರೆ. ಎಲ್ರೂ ಅಂಗೇ ಅಲ್ವಾ ನೋಡಿರೋದು? ಇವತ್ ಒಂದಿನ ಅವ್ರು ತಲೆ ಎತ್ಕಂಡ್ ನಿಂತ್ಕಳ್ಲಿ.”

ಇಷ್ಟು ವರ್ಷ ಅವಳು ಬಟ್ಟೆಯಲ್ಲಿ ಮುಚ್ಚಿಟ್ಟದ್ದು ಬರೀ ಬೆನ್ನನ್ನಲ್ಲ ಎಂದು ಅಂದು ನನಗೆ ತಿಳಿಯಿತು. ಧಾರೆ ಮುಗಿದ ಕೂಡಲೇ ಬಂದು ಬದಲಾಯಿಸಬೇಕು ಎಂದು ಮಾತು ತೆಗೆದುಕೊಂಡು, ರೇಷ್ಮೆ ಬ್ಲೌಸಿನ ಗುಂಡಿ ನಾನೇ ಹಾಕಿದೆ.

ಧಾರೆ ಚೆನ್ನಾಗಿಯೇ ಆಯಿತು. ಭಾವ, ಅಕ್ಕ ಕೂಡಿ ನೀರು ಎರೆಯುವಾಗ ಅಕ್ಕ ಒಂದೆರಡು ಸಲ ಅವನ ತೋಳಿಗೆ ಆತುಕೊಂಡಳು. ಮಗಳನ್ನು ಕೊಡುವ ಯಾವ ತಾಯಿಗೆ ಅಷ್ಟು ಆಸರೆ ಬೇಡ? ಆದರೆ ಮುಗಿದ ಮೇಲೆ ಅವಳನ್ನು ಕೋಣೆಗೆ ಕರೆತರಲು ಆಗಲಿಲ್ಲ. ಬಂದವರೆಲ್ಲ ಫೋಟೋಗೆ ನಿಲ್ಲಬೇಕು, ಹುಡುಗಿಯ ತಾಯಿ ಇಲ್ಲದೆ ಹೇಗೆ? ಬೀಗಿತ್ತಿ ಅವಳ ಕೈ ಹಿಡಿದು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು. ನಾನು ಕೆಳಗಿನಿಂದ ಕೈಸನ್ನೆ ಮಾಡಿದೆ. ಅಕ್ಕ ತಲೆಯಾಡಿಸಿದಳು, ಬಂದೆ ಎನ್ನುವ ಹಾಗೆ. ಅವಳ ಮುಖ ಒಣಗಿತ್ತು. ಯಾವಾಗಲೂ ನೀರಿಳಿಯುವ ಮುಖ ಒಂದು ಹನಿಯಿಲ್ಲದೆ ಕೆಂಪಾಗಿ ಒಣಗಿತ್ತು.

ಯಾರೋ ನೆಂಟರು “ಊಟ ಆಯ್ತಾ ಜಯಮ್ಮ?” ಎಂದರು.

“ಸೊಪ್ಪಾಕಿವ್ನಿ. ಗೋಣಿ ನೆನೆಸ್ಬೇಕು, ಹುಳ ಬಾಡ್ತಾವೆ” ಎಂದಳು ಅಕ್ಕ.

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಮಗಳ ಮದುವೆಯಲ್ಲೂ ಹುಳದ್ದೇ ಚಿಂತೆ ಅಂತ. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಮಂಡಿ ಬಾಗಿತು.

ಎತ್ತಿಕೊಂಡು ಪಕ್ಕದ ಕೋಣೆಗೆ ತಂದೆವು. ಮುಟ್ಟಿದರೆ ಕೈ ಸುಡುತ್ತಿತ್ತು. ಗುಂಡಿ ಬಿಚ್ಚಲು ನನ್ನ ಬೆರಳು ಕೇಳಲಿಲ್ಲ. ಹೂವಿನ ಅಲಂಕಾರದವರ ಕತ್ತರಿ ಕಿತ್ತುಕೊಂಡು ಬ್ಲೌಸನ್ನು ಬೆನ್ನ ಮೇಲೆ ಉದ್ದಕ್ಕೂ ಕತ್ತರಿಸಿದೆ. ಹಿಂದೆಯೇ ಓಡಿ ಬಂದಿದ್ದ ಬೀಗಿತ್ತಿ ಆ ಬೆನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಮರುಕ್ಷಣ, ಜ್ಯೂಸಿನವರ ಹತ್ತಿರ ಇದ್ದ ಐಸನ್ನೆಲ್ಲ ತರಿಸಿ, ತಾವು ಹೊದ್ದಿದ್ದ ಜರಿ ಸೆರಗಿನಲ್ಲೇ ಕಟ್ಟಿ ಅಕ್ಕನ ಬೆನ್ನಿಗೆ ಒತ್ತತೊಡಗಿದರು. ಒತ್ತುತ್ತಲೇ ಅಳುತ್ತಿದ್ದರು.

“ಇದಕ್ಕಾ ಮುಚ್ಕಂಡಿದ್ದು? ನಮ್ಗೊಂದ್ ಮಾತ್ ಹೇಳುದ್ರೆ ನಾವೇನ್ ಮದ್ವೆ ಬ್ಯಾಡ ಅಂತಿದ್ವೇನವ್ವಾ?”

ಸೌಮ್ಯ ಹೊರಗೆ ಮಂಟಪದಲ್ಲಿ ಗಂಡನ ಪಕ್ಕ ಕೂತು ಶಾಸ್ತ್ರ ಮುಗಿಸುತ್ತಿದ್ದಳು. ಗಾಬರಿಯಾಗಿ ಕೇಳಿ ಕಳಿಸಿದವಳಿಗೆ, ಅಮ್ಮನಿಗೆ ಸುಸ್ತಾಗಿದೆ, ಮಲಗಿದ್ದಾಳೆ ಎಂದು ಹೇಳಿದೆವು. ಹಿಂದಿನ ಬಾಗಿಲಿನಿಂದ ಅಕ್ಕನನ್ನು ಬಿಳಿ ಬೆಡ್‌ಶೀಟಿನಲ್ಲಿ ಸುತ್ತಿ ಕಾರಿಗೆ ಹಾಕಿಕೊಂಡು ಹೊರಟಾಗ ಒಳಗೆ ಓಲಗ ಇನ್ನೂ ನಡೆಯುತ್ತಿತ್ತು.

ಜೀವ ಉಳಿಯಿತು. ಉಳಿಯಿತು ಎಂದು ಎಲ್ಲರೂ ಸಮಾಧಾನ ಹೇಳಿದರು, ನಾವೂ ಹೇಳಿಕೊಂಡೆವು. ಶಾಖ ಮೆದುಳಿಗೆ ಹತ್ತಿದೆ, ಸ್ವಲ್ಪ ಮಟ್ಟಿಗೆ ಸರಿಹೋಗಬಹುದು, ಎಷ್ಟು ಅಂತ ಹೇಳಲಾಗದು ಎಂದರು ಡಾಕ್ಟರು. ಆಸ್ಪತ್ರೆಯ ಪಡಸಾಲೆಯಲ್ಲಿ ಭಾವ ತನ್ನ ಅಂಗೈಗಳನ್ನು ನೋಡುತ್ತ ಕೂತಿದ್ದ. ಅವಳು ಯಾಕೆ ರೇಷ್ಮೆ ಹಾಕಿಕೊಂಡಳು ಎಂದು ನಾನು ಅವನಿಗೆ ಹೇಳಬಾರದಿತ್ತೇನೋ, ಆದರೆ ಅವನೇ ಕೇಳಿದ, ನಾನು ಹೇಳಿದೆ. ಅಂಗೈಗಳನ್ನು ಮಗುಚಿ ಮಂಡಿಯ ಮೇಲಿಟ್ಟು ಅಂದ:

“ನಂಗೋಸ್ಕರವಾ? ಜನ ಅನ್ನೋದ್ನ ನಾನ್ ಕೇಳಿಸ್ಕಳೋದೇ ಬುಟ್ಬುಟ್ಟು ಎಷ್ಟ್ ವರ್ಸ ಆಯ್ತು ರತ್ನವ್ವ. ಅಭ್ಯಾಸ ಆಗೋಗಿತ್ತು ನಂಗೆ. ಅವ್ಳಿಗೆ ಹೇಳ್ಲೇ ಇಲ್ಲ ನೋಡು.”

ಅಕ್ಕ ಮನೆಗೆ ಬಂದಳು. ನಾಲಗೆ ದಪ್ಪವಾದಂತೆ ಮಾತು. ನಡೆದರೆ ಹೆಜ್ಜೆ ಎಲ್ಲೆಲ್ಲಿಗೋ ಬೀಳುತ್ತದೆ, ಗೋಡೆ ಹಿಡಿಯಬೇಕು. ಕೆಲವು ದಿನ ನಮ್ಮನ್ನು ಗುರುತಿಸುತ್ತಾಳೆ, ಕೆಲವು ದಿನ ಇಲ್ಲ. ಭಾವ ಹುಳ ಸಾಕುವುದನ್ನು ಬಿಟ್ಟುಬಿಟ್ಟ. ಖಾಲಿಯಾದ ಹುಳದ ಮನೆಯಲ್ಲಿ ಅಕ್ಕನಿಗೆ ಚಾಪೆ ಹಾಸಿದ್ದಾನೆ, ಕಿಟಕಿಗೆ ಗೋಣಿ ಕಟ್ಟಿ ತಾನೇ ನೀರು ಎರಚುತ್ತಾನೆ. ಅಕ್ಕ ಈಗ ಬ್ಲೌಸ್ ಹಾಕಿಕೊಳ್ಳುವುದಿಲ್ಲ. ಹಾಕಿದರೆ ಕಿತ್ತು ಎಸೆಯುತ್ತಾಳೆ. ಒಂದು ಹಳೆಯ ಸೀರೆ ಸುತ್ತಿಕೊಂಡು ಬರಿ ಬೆನ್ನಲ್ಲಿ ಕೂತಿರುತ್ತಾಳೆ. ನೆರೆಯವರು ಬಂದರೂ ಸರಿ, ಹೋದರೂ ಸರಿ. ನಾಚಿಕೆ ಎಲ್ಲಿ ಹೋಯಿತೋ. ಅದೊಂದು ಬಿಡುಗಡೆ ಎಂದು ಯಾರೋ ಪುಸ್ತಕದ ಮಾತು ಹೇಳಿದರು. ಬಿಡುಗಡೆಯಾದದ್ದು ಯಾರಿಗೆ ಎಂದು ನನಗೆ ತಿಳಿಯಲಿಲ್ಲ. ಆ ಬೆನ್ನನ್ನು ಕಾಪಾಡಿಕೊಂಡವಳು ಈಗ ಅಲ್ಲಿಲ್ಲವಲ್ಲ.

ಸೌಮ್ಯ ಬರುವ ದಿನ ಮಾತ್ರ ಭಾವನೋ ನಾನೋ ಮೊದಲೇ ಒಂದು ಬಟ್ಟೆ ಹೊದಿಸಿ, ಅದರ ಚುಂಗನ್ನು ಅಕ್ಕನ ಕೈಗೆ ಸಿಗದಂತೆ ಹಿಂದೆ ಗಂಟು ಹಾಕುತ್ತಿದ್ದೆವು. ಅಕ್ಕ ಕೇಳಿದ್ದ ಒಂದೇ ಒಂದು ವಿಷಯ ಅದು. ಅಷ್ಟನ್ನಾದರೂ ಉಳಿಸಿಕೊಡೋಣ ಎಂದು.

ಈ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಸೌಮ್ಯ ಹೇಳದೆ ಬಂದಳು. ಭಾವ ತೋಟದಲ್ಲಿದ್ದ. ನಾನು ಅಕ್ಕನ ಬೆನ್ನಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದ ಹುಡುಗಿ ಗೋಣಿತಟ್ಟನ್ನು ಸರಿಸಿ ಬಾಗಿಲಲ್ಲೇ ನಿಂತಳು. ಅವಳ ಹಿಂದಿನಿಂದ ಬೆಳಕು ನೇರವಾಗಿ ಅಕ್ಕನ ಬೆನ್ನ ಮೇಲೆ ಬಿತ್ತು. ನಾನು ಬಟ್ಟೆ ಎಳೆಯಲು ಹೋದೆ. ಅಕ್ಕ ನನ್ನ ಕೈ ತಳ್ಳಿದಳು.

ಸೌಮ್ಯ ನೋಡಿದಳು. ಹೆಗಲಿನಿಂದ ಸೊಂಟದವರೆಗೆ, ಎರಡು ತೋಳುಗಳನ್ನು, ನಿಧಾನವಾಗಿ, ಎಲ್ಲವನ್ನೂ ನೋಡಿದಳು.

“ಚಿಕ್ಕವ್ವ, ಇಷ್ಟೊಂದಾ?” ಎಂದಳು. “ನನ್ ಸ್ನಾನದ್ ನೀರಿಗಾ?”

ಯಾರು ಹೇಳಿದ್ದರೋ ಅವಳಿಗೆ.

ದನಿ ಕೇಳಿ ಅಕ್ಕ ಗೋಡೆ ಹಿಡಿದು ತಿರುಗಿದಳು. ಮಗಳ ಮುಖವನ್ನೇ ದಿಟ್ಟಿಸಿದಳು. ಬೆವರಿಗೆ ಹಣೆಗೆ ಅಂಟಿದ್ದ ಅವಳ ಕೂದಲನ್ನು ನೋಡಿದಳು. ದಪ್ಪನೆಯ ನಾಲಗೆಯಲ್ಲಿ ಒಂದೊಂದೇ ಮಾತನ್ನು ಹುಡುಕಿ ಹೇಳಿದಳು:

“ಯಾರ್ ಮಗಳವ್ವ ನೀನು? ಬಿಸ್ಲಲ್ ನಿಂತಿದ್ದೀಯಲ್ಲ, ಒಳೀಕ್ ಬಾ.”